ನಿರಾಶ್ರಿತ ಮಕ್ಕಳಿಗೂ ಪಕ್ಕದ ಶೆಡ್ಡಿನ ಮಕ್ಕಳಿಗೂ ಒಂದೇ ಅರ್ಜಿ: ರಕ್ಷಣಾ ಅನುದಾನ ಕೇಳುವ ಬಗೆ

ಮಕ್ಕಳ ರಕ್ಷಣೆಗೆಂದು ಬರುವ ಅನುದಾನದ ಅರ್ಜಿಗಳಲ್ಲಿ ಬಹಳಷ್ಟು ಬರೀ ಸಾಮಾನಿನ ಪಟ್ಟಿಗಳು. ಇನ್ನೂರು ಬ್ಯಾಗು, ಇನ್ನೂರು ಜೊತೆ ಶೂ, ಗೋಡೆಗೆ ಬಣ್ಣ, ಒಂದು ಪ್ರೊಜೆಕ್ಟರು, ಕೊನೆಗೆ ಬಾಲಕ್ಕೆ ಕಟ್ಟಿದ ಹಾಗೆ ‘ಜಾಗೃತಿ ಕಾರ್ಯಕ್ರಮ’. ಓದುವವರ ತಲೆಯಲ್ಲಿ ಓಡುತ್ತಿರುವ ಪ್ರಶ್ನೆಯೇ ಬೇರೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ನಿಮ್ಮ ಕಾರ್ಯಕರ್ತೆಯ ಹತ್ತಿರ ಬಂದು ಮನೆಯಲ್ಲಿ ನಡೆಯಬಾರದ್ದು ನಡೆಯುತ್ತಿದೆ ಅಂತ ಹೇಳಿದಳು ಅಂದುಕೊಳ್ಳಿ. ಅವತ್ತು ಸಂಜೆಯೊಳಗೆ ನಿಮ್ಮಲ್ಲಿ ಯಾರು, ಏನು ಮಾಡುತ್ತಾರೆ? ಇದಕ್ಕೆ ಉತ್ತರವಿರುವ ಅರ್ಜಿಗೆ ದುಡ್ಡು ಹುಟ್ಟುತ್ತದೆ. ರಕ್ಷಣೆಯ ಕೆಲಸ ಮಾಡುವುದು ಮನುಷ್ಯರು. ಆದ್ದರಿಂದ ಅರ್ಜಿಯಲ್ಲಿ ಕೇಳಬೇಕಾದ್ದು ಮುಖ್ಯವಾಗಿ ಮನುಷ್ಯರ ಸಂಬಳ. ಕರ್ನಾಟಕದ ಸಣ್ಣ ಸಂಸ್ಥೆಗಳನ್ನು ಕಣ್ಣ ಮುಂದಿಟ್ಟುಕೊಂಡು, ಆ ಅರ್ಜಿ ಬರೆಯುವ ಬಗೆಯನ್ನು ಇಲ್ಲಿ ಹೇಳುತ್ತಿದ್ದೇನೆ.

1. ಯಾವ ಮಕ್ಕಳು ಅನ್ನುವುದನ್ನು ಮೊದಲು ತೀರ್ಮಾನಿಸಿ

ನಮ್ಮ ರಾಜ್ಯದಲ್ಲಿ ನಿರಾಶ್ರಿತರೆಲ್ಲ ಒಂದೇ ಬಗೆಯವರಲ್ಲ. 1960ರ ದಶಕದ ಶುರುವಿನಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟನ್ನರಿದ್ದಾರೆ. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿ ನೆಲೆ ನಿಂತವರಿದ್ದಾರೆ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಬೆಂಗಳೂರಿನ ಅಂಚಿನಲ್ಲಿ ಕಸ ವಿಂಗಡಿಸಿ ಹೊಟ್ಟೆ ಹೊರೆಯುವ ರೋಹಿಂಗ್ಯಾ ಕುಟುಂಬಗಳಿವೆ. ಯಾವ ಬಡಾವಣೆ ಅಂತ ಬೇಕೆಂದೇ ಬರೆಯುತ್ತಿಲ್ಲ. ನಿಮ್ಮ ಅರ್ಜಿಯಲ್ಲೂ ಅದು ಬೇಡ, ಕಾರಣ ಮುಂದೆ ಹೇಳುತ್ತೇನೆ.

ಇವರ ಕಷ್ಟಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಟಿಬೆಟನ್ನರಿಗೆ ಸರ್ಕಾರದ ನೋಂದಣಿ ಪ್ರಮಾಣಪತ್ರವಿದೆ, 2014ರ ಟಿಬೆಟನ್ ಪುನರ್ವಸತಿ ನೀತಿ ಇದೆ, ತಮ್ಮದೇ ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳಿವೆ. ರೋಹಿಂಗ್ಯಾ ಮಗುವಿನ ಅಪ್ಪನ ಜೇಬಿನಲ್ಲಿ ಹೆಚ್ಚೆಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಕೊಟ್ಟ ಗುರುತಿನ ಕಾರ್ಡು ಇದ್ದೀತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ನಮ್ಮಲ್ಲಿ ಕಾನೂನೂ ಇಲ್ಲ. ಹಾಗಾಗಿ ಆ ಕಾರ್ಡಿಗೆ ಎಷ್ಟು ಬೆಲೆ ಅನ್ನುವುದು ಮೇಜಿನ ಆಚೆ ಕೂತವರ ಮೇಲೆ ನಿಂತಿದೆ. ‘ಕರ್ನಾಟಕದ ನಿರಾಶ್ರಿತ ಮಕ್ಕಳು’ ಎಂದು ಒಂದೇ ಉಸಿರಿಗೆ ಬರೆದ ಅರ್ಜಿ ಮೊದಲ ಪುಟದಲ್ಲೇ ಸೋಲುತ್ತದೆ. ಒಂದು ಸಮುದಾಯ, ಒಂದು ಜಾಗ, ಒಂದೆರಡು ಅಪಾಯ ಆರಿಸಿಕೊಳ್ಳಿ.

ಮುಂದಿನದು ಸ್ಥಳೀಯ ಮಕ್ಕಳ ಮಾತು. ರೋಹಿಂಗ್ಯಾ ಶೆಡ್ಡಿನ ಪಕ್ಕದ ನೀಲಿ ಟಾರ್ಪಾಲಿನಡಿ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಕಟ್ಟಡ ಕೆಲಸಕ್ಕೆ ಗುಳೆ ಬಂದ ಕುಟುಂಬ ಇರುತ್ತದೆ. ಆ ಮನೆಯ ದೊಡ್ಡ ಹುಡುಗಿಯೂ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ಕೂತಿರುತ್ತಾಳೆ. ಒಂದು ಕಡೆಯವರಿಗೆ ಮಾತ್ರ ಕೊಟ್ಟರೆ, ‘ಹೊರಗಿನವರಿಗೆ ಎಲ್ಲ, ನಮಗೆ ಏನೂ ಇಲ್ಲ’ ಅನ್ನುವ ಮಾತು ಒಂದು ವಾರದಲ್ಲಿ ಹುಟ್ಟುತ್ತದೆ. ಆ ಸಿಟ್ಟು ತಟ್ಟುವುದು ನಿಮಗಲ್ಲ, ನಲ್ಲಿ ಹತ್ತಿರ ಕೊಡ ಹಿಡಿದು ನಿಂತ ಮಗುವಿಗೆ. 2018ರ ಜಾಗತಿಕ ನಿರಾಶ್ರಿತರ ಒಡಂಬಡಿಕೆ ಆಶ್ರಯ ಕೊಟ್ಟ ಸಮುದಾಯಕ್ಕೂ ನೆರವು ಬೇಕು ಅನ್ನುತ್ತದೆ. ದಾನಿಗಳೂ ಇದನ್ನು ಕೇಳುತ್ತಾರೆ. ಆದರೆ ‘ಶೇ 70 ನಿರಾಶ್ರಿತರು, ಶೇ 30 ಸ್ಥಳೀಯರು’ ಎಂದು ಕೋಟಾ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಪಾಯವನ್ನು ನೋಡಿ ಮಕ್ಕಳನ್ನು ಆರಿಸಿ: ಹೆತ್ತವರಿಂದ ಬೇರೆಯಾದವರು, ಶಾಲೆ ಬಿಟ್ಟು ದುಡಿಯುವವರು, ಮದುವೆ ಮಾತುಕತೆ ಶುರುವಾಗಿರುವ ಹುಡುಗಿಯರು, ಹೊಡೆತ ತಿನ್ನುವವರು, ಅಂಗವಿಕಲ ಮಕ್ಕಳು. ಈ ಜಾಲರಿಯಲ್ಲಿ ಎರಡೂ ಕಡೆಯ ಮಕ್ಕಳು ತಾವಾಗಿಯೇ ಬರುತ್ತಾರೆ. ಎಷ್ಟೆಷ್ಟು ಬಂದರು ಅನ್ನುವುದನ್ನು ಆಮೇಲೆ ವರದಿ ಮಾಡಿ.

2. ಯಾವ ದುಡ್ಡು ನಿಮ್ಮ ಕೈಗೆ ಬರಬಲ್ಲದು ಅಂತ ನೋಡಿಕೊಳ್ಳಿ

ಇದನ್ನು ಕೊನೆಗೆ ಇಟ್ಟುಕೊಳ್ಳುವವರೇ ಜಾಸ್ತಿ. ಪ್ರಸ್ತಾವನೆ ಬರೆದು, ದಾನಿ ಒಪ್ಪಿ, ದುಡ್ಡು ಪಡೆಯುವ ಖಾತೆಯೇ ಇಲ್ಲದೆ ಕೂತವರನ್ನು ನೋಡಿದ್ದೇನೆ.

ವಿದೇಶಿ ದುಡ್ಡಿಗೆ ಎಫ್‌ಸಿಆರ್‌ಎ ಬೇಕು, ಅಂದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿ ನೋಂದಣಿ. ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮೂಲ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಅಷ್ಟಿಲ್ಲದವರು ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಕೆಲಸಕ್ಕೆ ನಿರ್ದಿಷ್ಟ ಮೊತ್ತ ಪಡೆಯಲು ಗೃಹ ಸಚಿವಾಲಯದ ಪೂರ್ವಾನುಮತಿ ಕೇಳಬಹುದು. 2020ರ ತಿದ್ದುಪಡಿಯ ಮೂರು ಗಂಟುಗಳನ್ನು ನೆನಪಿಡಿ. ದುಡ್ಡು ಮೊದಲು ಬಂದು ಬೀಳಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ‘ದೊಡ್ಡ ಸಂಸ್ಥೆ ದುಡ್ಡು ತರುತ್ತದೆ, ಅದರ ಕೆಳಗೆ ನಾವು ಕೆಲಸ ಮಾಡುತ್ತೇವೆ’ ಅನ್ನುವ ಹಳೆಯ ಏರ್ಪಾಡು ಈ ಮೂರನೆಯದರಿಂದ ಮುಗಿದುಹೋಯಿತು.

ಇಲ್ಲಿ ಎರಡು ವಿನಾಯಿತಿಗಳಿವೆ, ಹಲವರಿಗೆ ಗೊತ್ತಿರುವುದಿಲ್ಲ. ಯುನಿಸೆಫ್, ಯುಎನ್‌ಎಚ್‌ಸಿಆರ್‌ನಂಥ ವಿಶ್ವಸಂಸ್ಥೆಯ ಅಂಗಗಳು ಈ ಕಾಯ್ದೆಯ ಲೆಕ್ಕದಲ್ಲಿ ‘ವಿದೇಶಿ ಮೂಲ’ವಲ್ಲ. ಕರ್ನಾಟಕವನ್ನು ನೋಡಿಕೊಳ್ಳುವುದು ಯುನಿಸೆಫ್‌ನ ಹೈದರಾಬಾದ್ ಕಚೇರಿ. ಯುಎನ್‌ಎಚ್‌ಸಿಆರ್ ಇರುವುದು ದೆಹಲಿ ಮತ್ತು ಚೆನ್ನೈಯಲ್ಲಿ. ಇವರ ಜೊತೆ ಕೆಲಸ ಮಾಡುವ ಆಸೆಯಿದ್ದರೆ ಯುಎನ್ ಪಾರ್ಟ್‌ನರ್ ಪೋರ್ಟಲ್‌ನಲ್ಲಿ ಈಗಲೇ ಸಂಸ್ಥೆಯ ವಿವರ ತುಂಬಿಡಿ, ಕರೆ ಬಂದ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ. ಎರಡನೆಯ ವಿನಾಯಿತಿ ಹೊರದೇಶದ ಕನ್ನಡಿಗರದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ದುಡಿಯುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ದುಡ್ಡು ವಿದೇಶಿ ದೇಣಿಗೆಯಾಗುವುದಿಲ್ಲ. ಅದೇ ವ್ಯಕ್ತಿ ಅಲ್ಲಿಯ ಪೌರತ್ವ ಪಡೆದಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿಯೇ. ನಿಮ್ಮೂರಿನವರೇ ಆಗಿರಲಿ, ಪಾಸ್‌ಪೋರ್ಟ್ ಪ್ರತಿ ಕೇಳಿ ಫೈಲಿಗೆ ಹಾಕಿ. ಮುಜುಗರವೇನೋ ಆಗುತ್ತದೆ, ಕೇಳದೆ ಬಿಡಬೇಡಿ.

ಒಳನಾಡಿನ ದುಡ್ಡಿನಲ್ಲಿ ದೊಡ್ಡದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು. 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಆ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನಿಮಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಸಂಖ್ಯೆ ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಕಂಪನಿಗಳ ಸಮಿತಿಗಳು ‘ನಿರಾಶ್ರಿತ’ ಅನ್ನುವ ಪದ ಕಂಡರೆ ಹಿಂಜರಿಯುತ್ತವೆ, ಅದು ನಿಜ. ಪದವನ್ನು ಮುಚ್ಚಿಟ್ಟು ದುಡ್ಡು ತರುವುದು ಮಾತ್ರ ಬೇಡ. ನಾಳೆ ಪತ್ರಿಕೆಯಲ್ಲಿ ಏನಾದರೂ ಬಂದರೆ ಮೊದಲು ಕೈ ಬಿಡುವವರು ಅವರೇ. ‘ಈ ವಾರ್ಡಿನ ಅಪಾಯದಲ್ಲಿರುವ ಎಲ್ಲ ಮಕ್ಕಳು, ನಿರಾಶ್ರಿತ ಮತ್ತು ವಲಸೆ ಕುಟುಂಬದವರೂ ಸೇರಿ’ ಎಂದು ಬರೆಯಿರಿ. ಅದು ನಿಜವೂ ಹೌದು.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಷನ್‌ನಂಥ ಸಂಸ್ಥೆಗಳು ಸಂಬಳ, ಓಡಾಟದಂಥ ಖರ್ಚುಗಳ ಬೆಲೆ ಬಲ್ಲವು. ಒಬ್ಬರನ್ನೇ ನೆಚ್ಚಿಕೊಂಡು ಕೂರಬೇಡಿ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಎಷ್ಟು ದೇಶಗಳಲ್ಲಿ ನಿರಾಶ್ರಿತರ ಕೆಲಸ ರಾತ್ರೋರಾತ್ರಿ ನಿಂತಿತು ಅನ್ನುವುದನ್ನು ಎಲ್ಲರೂ ನೋಡಿದ್ದೇವೆ.

3. ಅಧ್ಯಯನದ ಹೆಸರಿನಲ್ಲಿ ಮಕ್ಕಳನ್ನು ಕೆದಕಬೇಡಿ

ಅರ್ಜಿಗೆ ಅಂಕಿಅಂಶ ಬೇಕು, ಸರಿ. ಅದಕ್ಕಾಗಿ ಮಕ್ಕಳನ್ನು ಸಾಲಾಗಿ ಕೂರಿಸಿ ‘ನಿನಗೆ ಯಾರಾದರೂ ಕೆಟ್ಟದಾಗಿ ಮುಟ್ಟಿದ್ದಾರಾ’ ಎಂದು ಕೇಳುವ ಸಮೀಕ್ಷೆ ಮಾಡಕೂಡದು. ಮಗು ಹೌದು ಅಂದರೆ ಮುಂದೇನು ಅನ್ನುವ ವ್ಯವಸ್ಥೆ ನಿಮ್ಮಲ್ಲಿ ಇನ್ನೂ ಇಲ್ಲ. ಅದಕ್ಕೇ ಅಲ್ಲವೇ ಅರ್ಜಿ ಬರೆಯುತ್ತಿರುವುದು?

ಬದಲಿಗೆ ನಡೆದಾಡಿ. ಬೆಳಿಗ್ಗೆ ಏಳಕ್ಕೆ ಯಾವ ಮಕ್ಕಳು ಗೋಣಿಚೀಲ ಹಿಡಿದು ಹೊರಡುತ್ತಾರೆ, ಹತ್ತು ಗಂಟೆಗೆ ಯಾರು ಶಾಲೆಯಲ್ಲಿಲ್ಲ, ಕತ್ತಲಾದ ಮೇಲೆ ಶೌಚಕ್ಕೆ ಎಲ್ಲಿಗೆ ಹೋಗುತ್ತಾರೆ ಅಂತ ನೋಡಿ. ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಮುಖ್ಯ ಶಿಕ್ಷಕರು, ಗುಜರಿ ಅಂಗಡಿಯವನು, ಶೆಡ್ಡಿನ ಬಾಡಿಗೆ ವಸೂಲಿ ಮಾಡುವ ಮೇಸ್ತ್ರಿ, ಇವರೆಲ್ಲರ ಹತ್ತಿರ ಮಾತಾಡಿ. ಅಮ್ಮಂದಿರ ಗುಂಪಿನಲ್ಲಿ ‘ಇಲ್ಲಿ ಮಕ್ಕಳಿಗೆ ಯಾವ ಹೊತ್ತು, ಯಾವ ಜಾಗ ಭಯ’ ಅಂತ ಕೇಳಿದರೆ ಸಾಕು, ಯಾವ ಪ್ರಶ್ನಾವಳಿಗೂ ಸಿಗದ್ದು ಸಿಗುತ್ತದೆ. ಹಳ್ಳಿಯಲ್ಲಾದರೆ ಮಕ್ಕಳ ಗ್ರಾಮ ಸಭೆಯ ನಡಾವಳಿ ತೆಗೆಸಿ ಓದಿ. ಮಕ್ಕಳೇ ಕೇಳಿದ್ದು ಅಲ್ಲಿ ದಾಖಲಾಗಿರುತ್ತದೆ, ಎಷ್ಟೋ ಸಲ ಯಾರೂ ತಿರುಗಿ ನೋಡಿರುವುದಿಲ್ಲ.

ಒಂದು ವಿಷಯವನ್ನು ತಪ್ಪದೆ ಎಣಿಸಿ: ಜನನ ಪ್ರಮಾಣಪತ್ರ ಇಲ್ಲದ ಮಕ್ಕಳು ಎಷ್ಟು? ಭಾರತದ ನೆಲದಲ್ಲಿ ಹುಟ್ಟಿದ ಪ್ರತಿ ಮಗುವಿನ ಜನನವೂ ನೋಂದಣಿಯಾಗಬೇಕು, ಅಪ್ಪ ಅಮ್ಮ ಯಾವ ದೇಶದವರು ಅನ್ನುವುದು ಅಡ್ಡ ಬರುವುದಿಲ್ಲ. 21 ದಿನದೊಳಗೆ ಆದರೆ ಸುಲಭ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಈ ಕಾಗದವಿಲ್ಲದ ಹುಡುಗಿಗೆ ಹದಿನೈದೋ ಹತ್ತೊಂಬತ್ತೋ ಅಂತ ಸಾಬೀತು ಮಾಡುವುದು ಕಷ್ಟ. ಬಾಲ್ಯವಿವಾಹ ನಿಲ್ಲಿಸುವಾಗ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಪ್ರಕರಣದಲ್ಲಿ, ದುಡಿಮೆಯಿಂದ ಬಿಡಿಸುವಾಗ, ಎಲ್ಲ ಕಡೆಯೂ ಮೊದಲ ಪ್ರಶ್ನೆ ವಯಸ್ಸೇ. ಗುಳೆ ಬಂದ ಕುಟುಂಬದ ಮಕ್ಕಳಲ್ಲೂ ಇದೇ ಕೊರತೆ ಕಾಣುತ್ತದೆ. ಎರಡೂ ಕಡೆಯ ಮಕ್ಕಳನ್ನು ಒಂದೇ ಕೆಲಸದಲ್ಲಿ ಕೂಡಿಸಲು ಇದಕ್ಕಿಂತ ಒಳ್ಳೆಯ ಕೊಂಡಿ ನನಗೆ ಕಂಡಿಲ್ಲ.

4. ಒಂದು ಮಗುವಿನ ದಾರಿಯನ್ನು ಬರೆಯಿರಿ

ಅರ್ಜಿಯ ಹೃದಯ ಇದು. ಎರಡು ಪುಟ ಬರೆದರೂ ಹೆಚ್ಚಲ್ಲ.

2015ರ ಬಾಲನ್ಯಾಯ ಕಾಯ್ದೆ 18 ತುಂಬದ ಮಗುವಿನ ಬಗ್ಗೆ ಮಾತಾಡುತ್ತದೆ, ಪೌರತ್ವ ಕೇಳುವುದಿಲ್ಲ. ಹೆತ್ತವರಿಂದ ಬೇರೆಯಾದ ಮಗು ಸಿಕ್ಕಿದರೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಬೇಕು; ತಿಳಿಸದಿರುವುದು ಅಪರಾಧ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಠಾಣೆಗೆ ವರದಿ ಮಾಡಲೇಬೇಕು. ಆದ್ದರಿಂದ ಪ್ರಸ್ತಾವನೆಯಲ್ಲಿ ‘ಸಂಪೂರ್ಣ ಗೌಪ್ಯತೆ ಕಾಪಾಡುತ್ತೇವೆ’ ಎಂದು ಬರೆಯಬೇಡಿ. ಬಲ್ಲವರಿಗೆ ಆ ಒಂದು ವಾಕ್ಯದಲ್ಲೇ ನಿಮಗೆ ಕಾನೂನು ಗೊತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ. ‘ಯಾವುದನ್ನು ಯಾರಿಗೆ ಹೇಳಲೇಬೇಕಾಗುತ್ತದೆ ಎಂದು ಮಗುವಿಗೆ ಅದರ ಭಾಷೆಯಲ್ಲಿ ಮೊದಲೇ ಹೇಳುತ್ತೇವೆ’ ಎಂದು ಬರೆಯಿರಿ.

ನಿರಾಶ್ರಿತ ಕುಟುಂಬದ ಕಷ್ಟ ಹಿಡಿಯುವುದೂ ಇಲ್ಲಿಯೇ. ಠಾಣೆ ಮೆಟ್ಟಿಲು ಹತ್ತಿದರೆ ತಮ್ಮ ಕಾಗದಪತ್ರ ಕೇಳುತ್ತಾರೆ, ತಮ್ಮನ್ನೇ ಹಿಡಿದು ಕಳಿಸಿಬಿಡುತ್ತಾರೆ ಅನ್ನುವ ಭಯ ಅವರಿಗೆ. ಆ ಭಯ ಸುಳ್ಳು ಅಂತ ನೀವು ಭರವಸೆ ಕೊಡಲಾರಿರಿ. ನೀವು ಕೊಡಬಲ್ಲದ್ದು ಜೊತೆಗೆ ಬರುವ ಒಬ್ಬ ವಕೀಲರು, ಅವರ ಮಾತು ಬಲ್ಲ ಒಬ್ಬ ದುಭಾಷಿ, ಮಗುವಿನ ಕೈ ಬಿಡದೆ ಅದರ ಪ್ರಕರಣವನ್ನು ಕೊನೆತನಕ ನೋಡಿಕೊಳ್ಳುವ ಒಬ್ಬ ಕೇಸ್ ವರ್ಕರ್. ಮಕ್ಕಳಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಪೋಕ್ಸೋ ಪ್ರಕರಣದಲ್ಲಿ ಮಕ್ಕಳ ಕಲ್ಯಾಣ ಸಮಿತಿ, ತನಿಖೆ, ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರುವ ಬೆಂಬಲ ವ್ಯಕ್ತಿಯನ್ನು ನೇಮಿಸುತ್ತದೆ. ಇದನ್ನೆಲ್ಲ ಹೆಸರಿಸಿ.

ಶಾಲೆ ಸೇರಿಸುವ ದಾರಿಯೂ ಹೀಗೇ ಬಿಡಿಸಿ ಬರೆಯಬೇಕು. ಆರರಿಂದ ಹದಿನಾಲ್ಕರ ‘ಪ್ರತಿ ಮಗು’ವಿಗೂ ಶಿಕ್ಷಣ ಹಕ್ಕು ಕಾಯ್ದೆ ಅನ್ವಯ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ದೆಹಲಿಯ ರೋಹಿಂಗ್ಯಾ ಮಕ್ಕಳು ಮೊದಲು ಸರ್ಕಾರಿ ಶಾಲೆಗೆ ಹೋಗಿ ಪ್ರವೇಶ ಕೇಳಲಿ, ಕೊಡದಿದ್ದರೆ ಹೈಕೋರ್ಟಿಗೆ ಹೋಗಲಿ ಎಂದಿತು. ಕೌಂಟರಿನ ಮುಂದೆ ನಡೆಯುವುದೇ ಬೇರೆ. ‘ಆಧಾರ್ ಇಲ್ವಾ? ನಾಳೆ ಬನ್ನಿ.’ ನಾಳೆ ಅಪ್ಪನಿಗೆ ಕೂಲಿ ತಪ್ಪುತ್ತದೆ. ಮೂರನೇ ದಿನ ಯಾರೂ ಹೋಗುವುದಿಲ್ಲ. ನಿಮ್ಮ ಕಾರ್ಯಕರ್ತೆ ಕಾಯ್ದೆಯ 14ನೇ ಕಲಮಿನ ಪ್ರತಿ ಹಿಡಿದು, ಮುಖ್ಯ ಶಿಕ್ಷಕರಿಗೆ ‘ಸರ್, ಇದು ನಿಮಗೂ ರಕ್ಷಣೆ, ಇಟ್ಟುಕೊಳ್ಳಿ’ ಎಂದು ಕೊಟ್ಟು, ಅವರು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಕೈ ತೋರಿಸಿದರೆ ಅಲ್ಲಿಗೂ ಹೋಗಿ ಸ್ವೀಕೃತಿ ಪಡೆದು ಬರಬೇಕು. ಅವಳ ಆ ಇಡೀ ದಿನಕ್ಕೆ ನೀವು ದುಡ್ಡು ಕೇಳುತ್ತಿದ್ದೀರಿ.

ಒಂದು ಎಚ್ಚರಿಕೆ. ‘ರಾತ್ರಿ ತಂಗುವ ಸಣ್ಣ ಆಶ್ರಯಧಾಮ’ ಅಂತ ಒಂದು ಸಾಲು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಇಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವುದಕ್ಕೆ ಜೈಲು ಇದೆ. ಅದನ್ನು ಬಿಟ್ಟುಬಿಡಿ.

5. ಬಜೆಟ್‌ನಲ್ಲಿ ಮನುಷ್ಯರು ಕಾಣಲಿ

ಮಾನವೀಯ ನೆರವಿನಲ್ಲಿ ಮಕ್ಕಳ ರಕ್ಷಣೆಗೆ ಅಂತರರಾಷ್ಟ್ರೀಯ ಕನಿಷ್ಠ ಮಾನದಂಡಗಳಿವೆ. 2019ರ ಆವೃತ್ತಿಯಲ್ಲಿ 28. ಅದರಲ್ಲಿ 18ನೆಯದು ಕೇಸ್ ನಿರ್ವಹಣೆ. ಒಬ್ಬ ಕೇಸ್ ವರ್ಕರ್ ಕೈಲಿ ಏಕಕಾಲಕ್ಕೆ 25 ಮಕ್ಕಳಿಗಿಂತ ಹೆಚ್ಚು ಇರಬಾರದು ಅನ್ನುವುದು ಈ ಕ್ಷೇತ್ರದಲ್ಲಿ ಒಪ್ಪಿತ ಲೆಕ್ಕ. ಇಬ್ಬರು ಕಾರ್ಯಕರ್ತೆಯರನ್ನು ತೋರಿಸಿ 500 ಮಕ್ಕಳ ‘ವೈಯಕ್ತಿಕ ಕಾಳಜಿ’ ಅಂತ ಬರೆದರೆ ಯಾರೂ ನಂಬುವುದಿಲ್ಲ.

ಒಂದು ಮಾದರಿ ಲೆಕ್ಕ ನೋಡಿ. ದರಗಳು ನಿಮ್ಮ ಊರಿಗೆ ತಕ್ಕಂತೆ ಬದಲಾಗುತ್ತವೆ. ಇಬ್ಬರು ಕೇಸ್ ವರ್ಕರ್, ತಿಂಗಳಿಗೆ ತಲಾ 25,000, ವರ್ಷಕ್ಕೆ 6 ಲಕ್ಷ. ಮೇಲ್ವಿಚಾರಕಿ, ಅರ್ಧ ಸಮಯ, ತಿಂಗಳಿಗೆ 20,000, ಅಂದರೆ 2.4 ಲಕ್ಷ. ದುಭಾಷಿಗೆ ದಿನಗೂಲಿ ಲೆಕ್ಕ. ವಕೀಲರ ಓಡಾಟ. ಆಪ್ತಸಮಾಲೋಚಕರ ಭೇಟಿ ಶುಲ್ಕ. ಜೊತೆಗೆ, ಎಲ್ಲರೂ ಮರೆಯುವ ತುರ್ತು ಕೈದುಡ್ಡು: ರಾತ್ರಿ ಹತ್ತಕ್ಕೆ ಆಟೋ, ಆಸ್ಪತ್ರೆಯಲ್ಲಿ ಒಂದು ಜೊತೆ ಬಟ್ಟೆ, ಊಟ, ಅಮ್ಮನ ಒಂದು ದಿನದ ಕೂಲಿ. ಇದಕ್ಕೆ ಬಿಲ್ಲು ಸಿಗುವುದಿಲ್ಲ, ಆದ್ದರಿಂದ ವೋಚರ್ ನಮೂನೆಯನ್ನು ದಾನಿಯಿಂದ ಮೊದಲೇ ಒಪ್ಪಿಸಿಕೊಳ್ಳಿ. ವಾರಕ್ಕೊಮ್ಮೆ ಕಾರ್ಯಕರ್ತೆಯರು ಮೇಲ್ವಿಚಾರಕಿಯ ಜೊತೆ ಕೂತು ಮನಸ್ಸು ಹಗುರ ಮಾಡಿಕೊಳ್ಳುವ ಸಮಯವನ್ನೂ ಕೆಲಸದ ಸಮಯವೆಂದೇ ತೋರಿಸಿ. ಇಲ್ಲದಿದ್ದರೆ ಆರು ತಿಂಗಳಿಗೆ ಕೆಲಸ ಬಿಟ್ಟು ಹೋಗುತ್ತಾರೆ, ಮಗು ತನ್ನ ಕಥೆಯನ್ನು ಇನ್ನೊಬ್ಬರ ಮುಂದೆ ಮೊದಲಿನಿಂದ ಹೇಳಬೇಕಾಗುತ್ತದೆ.

ವಿದೇಶಿ ದೇಣಿಗೆಯಾದರೆ ಶೇ 20ರ ಮಿತಿ ನೆನಪಿದೆಯಲ್ಲ. ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ಸೇರುವ ಖರ್ಚು ಆಡಳಿತ ವೆಚ್ಚವಲ್ಲ ಎಂದು ನಿಯಮವೇ ಹೇಳುತ್ತದೆ. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳವನ್ನು ಉದಾಹರಣೆ ಕೊಟ್ಟಿದೆ. ಕೇಸ್ ವರ್ಕರ್ ನೇಮಕ ಪತ್ರದಲ್ಲಿ ಮನೆ ಭೇಟಿ, ಪ್ರಕರಣದ ಕೆಲಸ ಎಂದು ಸ್ಪಷ್ಟವಾಗಿ ಬರೆಯಿರಿ. ‘ಪ್ರಾಜೆಕ್ಟ್ ಸಂಯೋಜಕಿ’ ಎಂದು ಹೆಸರಿಟ್ಟರೆ ಅದು ಆಡಳಿತಕ್ಕೆ ಸೇರುವ ಅಪಾಯವಿದೆ. ಬಜೆಟ್ ಕಳಿಸುವ ಮುಂಚೆ ಲೆಕ್ಕ ಪರಿಶೋಧಕರಿಗೆ ಒಮ್ಮೆ ತೋರಿಸಿ.

6. ಏನನ್ನು ಅಳೆಯುತ್ತೀರಿ

‘50 ಜಾಗೃತಿ ಸಭೆ, 2,000 ಫಲಾನುಭವಿಗಳು’ ಅನ್ನುವುದು ನಿಮ್ಮ ದಣಿವಿನ ಲೆಕ್ಕ, ಮಗುವಿನ ಸುರಕ್ಷತೆಯದಲ್ಲ. ಇಷ್ಟು ಸಾಕು: ಪ್ರಕರಣ ಗೊತ್ತಾದ ಮೇಲೆ ಮೊದಲ ಭೇಟಿಗೆ ಎಷ್ಟು ಗಂಟೆ ಹಿಡಿಯಿತು, ಮಗುವಿನ ರಕ್ಷಣೆಗೆ ಏನೇನು ಮಾಡಬೇಕೆಂದು ಹಾಕಿಕೊಂಡ ಯೋಜನೆ ಎಷ್ಟು ಮಕ್ಕಳ ವಿಷಯದಲ್ಲಿ ಪೂರ್ತಿಯಾಯಿತು, ಶಾಲೆ ಸೇರಿದವರಲ್ಲಿ ಎಷ್ಟು ಜನ ಆರು ತಿಂಗಳ ಮೇಲೂ ಹೋಗುತ್ತಿದ್ದಾರೆ, ಎಷ್ಟು ಮಕ್ಕಳಿಗೆ ಜನನ ಪ್ರಮಾಣಪತ್ರ ಕೈಗೆ ಬಂತು. ನಿರಾಶ್ರಿತ, ಸ್ಥಳೀಯ, ಹುಡುಗ, ಹುಡುಗಿ, ಅಂಗವಿಕಲರು ಎಂದು ಬಿಡಿಸಿ ಕೊಡಿ. ಬಯಲಿಗೆ ಬರುವ ಪ್ರಕರಣಗಳ ಸಂಖ್ಯೆ ಮೊದಲ ವರ್ಷ ಏರುತ್ತದೆ ಎಂದು ಅರ್ಜಿಯಲ್ಲೇ ಹೇಳಿಬಿಡಿ. ನಂಬಿಕೆ ಬಂದ ಮೇಲೆಯೇ ಜನ ಬಾಯಿ ಬಿಡುವುದು. ಇದನ್ನು ಮೊದಲೇ ಹೇಳದಿದ್ದರೆ, ‘ನೀವು ಬಂದ ಮೇಲೆ ದೌರ್ಜನ್ಯ ಹೆಚ್ಚಾಯಿತೇ’ ಎಂದು ಕೇಳುವ ಅಧಿಕಾರಿ ಒಬ್ಬರಾದರೂ ಇದ್ದೇ ಇರುತ್ತಾರೆ.

7. ಹೆಸರು, ಫೋಟೊ, ಜಾಗ

ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತದೆ. ಹೆಸರು ಬದಲಿಸಿದರೆ ಸಾಲದು. ಶಾಲೆ, ಬೀದಿ, ಅಪ್ಪನ ಕೆಲಸ ಬರೆದರೆ ಊರಿಗೇ ಗೊತ್ತಾಗುತ್ತದೆ. ನಿರಾಶ್ರಿತರ ವಿಷಯದಲ್ಲಿ ಶೆಡ್ಡಿನ ಜಾಗ ಬರೆಯುವುದೇ ಅಪಾಯ. ಪ್ರಸ್ತಾವನೆ ಎಷ್ಟು ಮಂದಿಯ ಇಮೇಲ್ ದಾಟಿ ಎಲ್ಲಿಗೆ ಹೋಗುತ್ತದೆ ಅನ್ನುವುದು ನಿಮ್ಮ ಹಿಡಿತದಲ್ಲಿಲ್ಲ. ‘ಬೆಂಗಳೂರು ನಗರ ಜಿಲ್ಲೆ’ ಅಂದರೆ ಸಾಕು. ಯುಎನ್‌ಎಚ್‌ಸಿಆರ್ ಕಾರ್ಡಿನ ಪ್ರತಿಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ದಾನಿ ಮಕ್ಕಳ ನಗುಮುಖದ ಫೋಟೊ ಕೇಳಿದರೆ ಕೈ, ಪುಸ್ತಕ, ರಂಗೋಲಿಯ ಫೋಟೊ ಕೊಡಿ.

ಮಕ್ಕಳ ಸುರಕ್ಷತಾ ನೀತಿಯನ್ನು ಅರ್ಜಿಗೆ ಲಗತ್ತಿಸಬೇಕು. ಅಂತರ್ಜಾಲದಿಂದ ಇಳಿಸಿದ ನಲವತ್ತು ಪುಟಕ್ಕಿಂತ ನಿಮ್ಮ ಡ್ರೈವರಿಗೂ ಅರ್ಥವಾಗುವ ಕನ್ನಡದ ನಾಲ್ಕು ಪುಟ ಮೇಲು. ನಿಮ್ಮ ಸಿಬ್ಬಂದಿಯ ಮೇಲೆಯೇ ದೂರು ಬಂದರೆ ಯಾರಿಗೆ ಹೇಳಬೇಕು, ಅವರೂ ಸಿಗದಿದ್ದರೆ ಹೊರಗೆ ಯಾರಿಗೆ ಅನ್ನುವುದು ಅದರಲ್ಲಿ ಇರಲಿ. ಬಂಗಾಳಿ, ಹಿಂದಿ ಮಾತ್ರ ಬಲ್ಲವರಿಗೆ ಅದನ್ನು ಓದಿ ಹೇಳುವ ಏರ್ಪಾಡೂ ಬೇಕು.

8. ದುಡ್ಡು ಬಂದ ಮೇಲೆ, ದುಡ್ಡು ಮುಗಿಯುವಾಗ

ವಿದೇಶಿ ದೇಣಿಗೆಯ ಎಫ್‌ಸಿ-4 ವಾರ್ಷಿಕ ಲೆಕ್ಕ ಡಿಸೆಂಬರ್ 31ರೊಳಗೆ ಹೋಗಬೇಕು. ಆ ವರ್ಷ ಒಂದು ರೂಪಾಯಿ ಬರದಿದ್ದರೂ ಹೋಗಬೇಕು. ಅನುದಾನದ ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಿ ದಾನಿಗೆ ಪತ್ರ ಬರೆಯಿರಿ, ಕೆಲವರು ಉತ್ತರಿಸುತ್ತಾರೆ.

ಮುಕ್ತಾಯದ ಯೋಜನೆಯನ್ನು ಅರ್ಜಿಯಲ್ಲೇ ಬರೆಯುವವರು ಕಡಿಮೆ, ಬರೆದವರ ಅರ್ಜಿ ಎದ್ದು ಕಾಣುತ್ತದೆ. ಅನುದಾನ ಮುಗಿಯುವ ಮೂರು ತಿಂಗಳ ಮೊದಲು ಹೊಸ ಪ್ರಕರಣ ತೆಗೆದುಕೊಳ್ಳುವುದನ್ನು ನಿಲ್ಲಿಸಿ. ತೆರೆದಿರುವ ಪ್ರತಿ ಫೈಲನ್ನೂ ಮೇಲ್ವಿಚಾರಕಿಯ ಜೊತೆ ಕೂತು ಮೂರು ಗುಂಪು ಮಾಡಿ: ಮುಚ್ಚಬಹುದಾದವು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಪ್ಪಿಸಬೇಕಾದವು, ಇನ್ನೂ ನೀವೇ ನೋಡಬೇಕಾದವು. ಎರಡನೆಯ ಗುಂಪಿನ ಮಕ್ಕಳಲ್ಲಿ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವಕ್ಕೆ ಅರ್ಹರಾಗುವ ಸ್ಥಳೀಯ ಮಕ್ಕಳು ಇರಬಹುದು; ಅವರ ಅರ್ಜಿಯನ್ನು ಆ ಮೂರು ತಿಂಗಳಲ್ಲೇ ಹಾಕಿಸಿ. ಮೂರನೆಯ ಗುಂಪಿನಲ್ಲಿ ಕಾಗದವಿಲ್ಲದ ಮಕ್ಕಳೇ ಹೆಚ್ಚು ಉಳಿಯುತ್ತಾರೆ. ಅವರಿಗಾಗಿ ಒಬ್ಬ ಕೇಸ್ ವರ್ಕರ್‌ಳ ಆರು ತಿಂಗಳ ಸಂಬಳವನ್ನು, ಷರತ್ತಿಲ್ಲದ ಸ್ಥಳೀಯ ದೇಣಿಗೆಯಿಂದ, ಮೊದಲ ವರ್ಷದಿಂದಲೇ ಪ್ರತ್ಯೇಕ ಖಾತೆಯಲ್ಲಿ ಕೂಡಿಡುತ್ತಾ ಬನ್ನಿ.